ಹದಿಮೂರನೆಯ ಕುರ್ಚಿ

‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಕಣ್ಣು ಕಂಡುದಕ್ಕೇ ಇಷ್ಟು ಎಚ್ಚರಿಕೆ ಬೇಕಾದ ಮೇಲೆ, ಕಿವಿ ಕೇಳಿದುದರ ಪಾಡೇನೆಂದು ಬೇರೆ ಹೇಳಬೇಕಾಗಿಲ್ಲ. ಹೀಗಿರಲು, ಕೊಲೆ ನಡೆಯುವ ಕೊಠಡಿಯಲ್ಲಿಯೇ ಪ್ರೇಕ್ಷಕನನ್ನು ಕುಳ್ಳಿರಿಸಿ, ಸರಿಯಾಗಿ ಆ ಹೊತ್ತಿಗೆ ದೀಪವನ್ನಾರಿಸಿ, ‘ಇನ್ನು ನಿನ್ನ ಕಿವಿಯೇ ನಿನಗೆ ಗತಿ’ ಎಂದು ಬಿಟ್ಟುಬಿಡುವ ಚಲಚ್ಚಿತ್ರವೊಂದುಂಟು. ಅದರ ಹೆಸರು ‘ದಿ ಥರ್ಟೀನ್ತ್ ಚೇರ್’, ಎಂದರೆ ಹದಿಮೂರನೆಯ ಕುರ್ಚಿ. ಅಮೆರಿಕದ ಮೆಟ್ರೊ ಗೋಲ್ಡ್‌ವಿನ್ ಮೇಯರ್ ಸಂಸ್ಥೆಯವರು ಇದನ್ನು 1929ರ ಅಕ್ಟೋಬರದಲ್ಲಿ ಬಿಡುಗಡೆ ಮಾಡಿದರು. ನಿರ್ದೇಶಕನ ಹೆಸರು ಟಾಡ್ ಬ್ರೌನಿಂಗ್. ಈ ಚಿತ್ರವನ್ನು ಇಂದು ಬಲ್ಲವರು ವಿರಳ. ಆದರೂ ಮಾತು ಬಂದ ಹೊಸತರಲ್ಲಿ ಚಲಚ್ಚಿತ್ರವು ಏನನ್ನು ಕಳೆದುಕೊಂಡು ಏನನ್ನು ಪಡೆಯಿತೆಂಬುದನ್ನು ತಿಳಿಯಬೇಕೆನ್ನುವವರಿಗೂ, ಒಂದು ಸಂಜೆ ಮನೆಮಂದಿಯೊಡನೆ ಕುಳಿತು ಒಳ್ಳೆಯ ಪತ್ತೇದಾರಿ ಕಥೆಯೊಂದನ್ನು ಸವಿಯಬೇಕೆನ್ನುವವರಿಗೂ ಇದು ತಕ್ಕ ಚಿತ್ರವೆಂದು ನಮ್ಮ ಅಭಿಪ್ರಾಯ.

ಮೊದಲು ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. ಅದು ನಡೆಯುವುದು ಆಂಗ್ಲರ ಆಳಿಕೆಯ ಕಲ್ಕತ್ತೆಯಲ್ಲಿ. ಸ್ಪೆನ್ಸರ್ ಲೀ ಎಂಬುವನ ಕೊಲೆಯಾಗಿದೆ, ಕೊಂದವರು ಸಿಕ್ಕಿಲ್ಲ. ಆತನ ಗೆಳೆಯನಾದ ಎಡ್ವರ್ಡ್ ವೇಲ್ಸ್ ಎಂಬುವನು ಕೊಲೆಗಾರರನ್ನು ಹೊರಗೆಳೆಯಲು ಒಂದು ಉಪಾಯ ಹೂಡುತ್ತಾನೆ. ಸತ್ತವರ ಆತ್ಮಗಳನ್ನು ಕರೆಯಿಸಿ ಮಾತನಾಡಿಸುವೆನೆಂದು ಹೇಳಿ ಜೀವನ ಸಾಗಿಸುವ ರೊಸಾಲಿ ಲಾಗ್ರಾಂಜ್ ಎಂಬ ವೃದ್ಧೆಯನ್ನು ಸರ್ ರಾಸ್ಕೊ ಕ್ರಾಸ್ಬಿಯ ಬಂಗಲೆಗೆ ಬರಮಾಡಿಕೊಳ್ಳುತ್ತಾರೆ. ಮನೆಯವರೂ ಅತಿಥಿಗಳೂ ವರ್ತುಲವಾಗಿ ಕುಳಿತು ಒಬ್ಬರ ಕೈಯನ್ನೊಬ್ಬರು ಹಿಡಿದುಕೊಳ್ಳುತ್ತಾರೆ. ಕುರ್ಚಿಗಳನ್ನು ಎಣಿಸಿದರೆ ಹದಿಮೂರು! ಕ್ರೈಸ್ತರಲ್ಲಿ ಆ ಸಂಖ್ಯೆ ಅಶುಭವೆಂಬ ನಂಬಿಕೆಯುಂಟಷ್ಟೆ. ದೀಪವಾರುತ್ತದೆ. ‘ಸ್ಪೆನ್ಸರ್ ಲೀಯನ್ನು ಕೊಂದವರು ಯಾರು?’ ಎಂಬ ಪ್ರಶ್ನೆ ಕತ್ತಲಲ್ಲಿ ಎದ್ದು ನಿಲ್ಲುತ್ತದೆ. ಉತ್ತರ ಬರುವ ಮೊದಲೇ ಒಂದು ಚೀತ್ಕಾರ. ದೀಪ ಹೊತ್ತಿಸಿ ನೋಡಿದರೆ ವೇಲ್ಸನು ಇರಿತಕ್ಕೆ ಗುರಿಯಾಗಿ ಸತ್ತುಹೋಗಿದ್ದಾನೆ.

ಎಲ್ಲರ ಕೈಗಳೂ ಪಕ್ಕದವರ ಕೈಯಲ್ಲಿದ್ದುವಲ್ಲ, ಇರಿದವರು ಯಾರು? ಎಲ್ಲರೂ ಕೈ ಬಿಟ್ಟಿಲ್ಲವೆಂದೇ ಹೇಳುತ್ತಾರೆ. ಹಾಗಾದರೆ ಹೇಳುವವರಲ್ಲೊಬ್ಬರು ಸುಳ್ಳಾಡುತ್ತಿರಬೇಕು. ಇನ್‌ಸ್ಪೆಕ್ಟರ್ ಡೆಲ್ಜಾಂಟೆ ಬಂದು ವಿಚಾರಣೆಗೆ ತೊಡಗುತ್ತಾನೆ. ಸಂಶಯವು ಸುತ್ತಿ ಸುತ್ತಿ ಬಂದು ಹೆಲೆನ್ ಓನೀಲ್ ಎಂಬ ತರುಣಿಯ ಮೇಲೆ ನಿಲ್ಲುತ್ತದೆ. ಆಕೆ ಆ ಮನೆಯ ಮಗನಾದ ರಿಚರ್ಡ್ ಕ್ರಾಸ್ಬಿಗೆ ವಾಗ್ದತ್ತೆಯಾದವಳು. ಆಗ ಒಂದು ರಹಸ್ಯ ಹೊರಬೀಳುತ್ತದೆ: ಆ ಹುಡುಗಿ ಬೇರೆ ಯಾರೂ ಅಲ್ಲ, ಪ್ರೇತಗಳನ್ನು ಕರೆಯುವ ಮುದುಕಿ ರೊಸಾಲಿಯ ಮಗಳು. ಮಗಳ ಕೊರಳಿಗೆ ನೇಣು ಬೀಳುವ ಕಾಲ ಹತ್ತಿರವಾಗಿದೆ. ತಾಯಿಯ ಕೈಯಲ್ಲಿರುವುದು ತನ್ನ ಹಳೆಯ ಕಸಬೊಂದೇ. ಮುಂದೆ ಏನಾಯಿತು, ಕೊಂದವರು ಯಾರು ಎಂಬುದನ್ನು ನಾವು ಹೇಳತಕ್ಕುದಲ್ಲ. ಪತ್ತೇದಾರಿ ಕಥೆಯ ಕೊನೆಯನ್ನು ಹೇಳಿಬಿಡುವುದು, ಊಟಕ್ಕೆ ಕುಳಿತವನ ಎಲೆಯನ್ನು ಎಳೆದುಕೊಂಡಂತೆ.

ಈ ಕಥೆ ಮೊದಲು ನಾಟಕವಾಗಿತ್ತು. ಬೇಯರ್ಡ್ ವೀಲರ್ ಎಂಬುವನು ಇದನ್ನು ಬರೆದು 1916ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ತಂದನು. ಆ ನಾಟಕದಲ್ಲಿ ಕಥೆ ನಡೆಯುವ ಮನೆಯೂ ನ್ಯೂಯಾರ್ಕಿನಲ್ಲಿಯೇ ಇತ್ತು. 1919ರಲ್ಲಿ ಅದನ್ನೇ ಮೂಕಚಿತ್ರವಾಗಿ ಮಾಡಿದರು. ಮೂಕಚಿತ್ರದಲ್ಲಿ ಈ ಕಥೆಗೆ ಒದಗುವ ತೊಡಕನ್ನು ವಾಚಕರು ಸುಲಭವಾಗಿ ಊಹಿಸಿಕೊಳ್ಳಬಹುದು. ದೀಪವಾರಿದ ಮೇಲೆ ಮೂಕಚಿತ್ರದಲ್ಲಿ ಉಳಿಯುವುದೇನು? ಕಪ್ಪು ಪರದೆಯೊಂದೇ. ಕತ್ತಲೆಯನ್ನು ತೋರಿಸಬೇಕಾದರೂ ಅಲ್ಲಿ ಒಂದಿಷ್ಟು ಬೆಳಕು ಬೇಕು. ಬೆಳಕಿದ್ದರೆ ಅದು ಕತ್ತಲೆಯಲ್ಲ. ಆದುದರಿಂದ ಕಥೆಯ ಜೀವಾಳವಾದ ಗಳಿಗೆಯೇ ಮೂಕಚಿತ್ರದ ಕೈಗೆ ಸಿಕ್ಕದಂತಾಗುತ್ತಿತ್ತು. ಅದನ್ನು ಹಿಡಿಯಲು ಚಲಚ್ಚಿತ್ರಕ್ಕೆ ನಾಲಗೆ ಬರಬೇಕಾಯಿತು.

ನಾಲಗೆ ಬಂದ ಬಗೆಯನ್ನೂ ಇಲ್ಲಿ ಸ್ವಲ್ಪ ತಿಳಿಸುವುದು ಯುಕ್ತ. 1927ರ ಅಕ್ಟೋಬರ 6ರಂದು ವಾರ್ನರ್ ಸಹೋದರರ ‘ದಿ ಜಾಜ್ ಸಿಂಗರ್’ ತೆರೆಕಂಡಿತು. ಅದರಲ್ಲಿ ಹಾಡು ಹೆಚ್ಚು, ಮಾತು ಅಲ್ಪ. ಆದ್ಯಂತವೂ ಮಾತಿನಿಂದಲೇ ನಡೆಯುವ ಮೊದಲ ದೊಡ್ಡ ಚಿತ್ರವಾದ ‘ಲೈಟ್ಸ್ ಆಫ್ ನ್ಯೂಯಾರ್ಕ್’ 1928ರ ಜುಲೈಯಲ್ಲಿ ಬಂದಿತು. ಅದೂ ಅಪರಾಧಿಗಳ ಕಥೆಯೇ. ಅದೇ ವರ್ಷ ವಾರ್ನರ್ ಸಹೋದರರು ‘ದಿ ಟೆರರ್’ ಎಂಬ ಭಯಾನಕ ಪತ್ತೇದಾರಿ ಚಿತ್ರವನ್ನು ತಂದರು. ಅದರಲ್ಲಿ ನಟರ ಹೆಸರುಗಳನ್ನೂ ಬರೆದು ತೋರಿಸದೆ, ಮುಸುಕು ಧರಿಸಿದ ನಟನೊಬ್ಬನು ಬಾಯಿಂದಲೇ ಸಾರುತ್ತಿದ್ದನು. ಆ ನಟನಾದ ಕಾನ್ರಾಡ್ ನೇಗಲನೇ ನಮ್ಮ ಚಿತ್ರದಲ್ಲಿ ರಿಚರ್ಡ್ ಕ್ರಾಸ್ಬಿಯಾಗಿದ್ದಾನೆ. ‘ದಿ ಟೆರರ್’ ಚಿತ್ರವು ಕಾಲನ ಪಾಲಾಗಿ ಈಗ ನೋಡಲು ಸಿಕ್ಕದು. ‘ಹದಿಮೂರನೆಯ ಕುರ್ಚಿ’ಯು ಉಳಿದುಬಂದುದು ನಮ್ಮ ಭಾಗ್ಯ.

ಆ ಕಾಲದ ಚಿತ್ರಶಾಲೆಗಳ ಪಾಡು ಸಾಮಾನ್ಯವಾದುದಲ್ಲ. ಕ್ಯಾಮೆರಾ ಯಂತ್ರವು ತಿರುಗುವಾಗ ಗಡಗಡ ಸದ್ದು ಮಾಡುತ್ತಿತ್ತು. ಆ ಸದ್ದು ಮೈಕ್ರೊಫೋನಿಗೆ ಸಿಕ್ಕದಿರಲೆಂದು ಯಂತ್ರವನ್ನೂ ಯಂತ್ರ ನಡೆಸುವವನನ್ನೂ ಗಾಳಿಯಾಡದ ದೊಡ್ಡ ಪೆಟ್ಟಿಗೆಯೊಳಗೆ ಕೂಡಿಹಾಕುತ್ತಿದ್ದರು. ಒಳಗೆ ಬೇಯುವ ಸೆಕೆ. ಆದರೂ ಆ ಪೆಟ್ಟಿಗೆಗೆ ಕೆಲಸಗಾರರು ವಿನೋದಕ್ಕಾಗಿ ‘ಮಂಜಿನ ಪೆಟ್ಟಿಗೆ’ ಎಂದು ಹೆಸರಿಟ್ಟಿದ್ದರು. ಮೊದಲಿನಿಂದ ಬಳಕೆಯಲ್ಲಿದ್ದ ದೊಡ್ಡ ದೀಪಗಳೂ ಗುಂಯ್‌ಗುಟ್ಟುತ್ತಿದ್ದುದರಿಂದ ಅವುಗಳ ಬದಲು ಬೇರೆ ದೀಪಗಳನ್ನು ತರಬೇಕಾಯಿತು. ಮೈಕ್ರೊಫೋನನ್ನು ಮರೆಯಲ್ಲಿ ಎಲ್ಲಿಯಾದರೂ ಅಡಗಿಸಿಡುತ್ತಿದ್ದರು. ಪಾತ್ರಧಾರಿಗಳು ಅದರ ಬಳಿಯಿಂದ ಕದಲುವಂತಿರಲಿಲ್ಲ. ಮೂಕಚಿತ್ರದ ಕಾಲದಲ್ಲಿ ಹಕ್ಕಿಯಂತೆ ಹಾರುತ್ತಿದ್ದ ಕ್ಯಾಮೆರಾ ಹೀಗೆ ಕಾಲು ಕಟ್ಟಿದ ಕೋಳಿಯಾಯಿತು. ಆಗಿನ ಬಹುಮಟ್ಟಿನ ಚಿತ್ರಗಳು ಇಂದು ನೀರಸವಾಗಿ ತೋರುವುದಕ್ಕೆ ಇದೇ ಕಾರಣ.

ಆದರೆ ಕೊಲೆಯ ಕಥೆಗೆ ಈ ಕಟ್ಟುಪಾಡೇ ಅನುಕೂಲವಾಯಿತೆಂಬುದನ್ನು ಗಮನಿಸಬೇಕು. ಒಂದು ಮನೆ, ಮುಚ್ಚಿದ ಬಾಗಿಲು, ಸುತ್ತ ಕುಳಿತ ಹತ್ತು ಹನ್ನೆರಡು ಜನ, ಒಬ್ಬ ಪೋಲೀಸಿನವನ ಪ್ರಶ್ನೆ, ಒಬ್ಬೊಬ್ಬರ ಉತ್ತರ: ಇಂತಹ ಕಥೆಯಲ್ಲಿ ಯಾರೂ ಓಡಾಡಬೇಕಾದುದಿಲ್ಲ. ಓಡಾಡದಿರುವುದೇ ಅದರ ಸ್ವಭಾವ. ಮಾತು ತಡವರಿಸಿತೋ, ದನಿ ನಡುಗಿತೋ, ಉತ್ತರ ಬರುವುದಕ್ಕೆ ಒಂದು ಕ್ಷಣ ಹೆಚ್ಚಾಯಿತೋ ಎಂಬುದೇ ಅಲ್ಲಿ ಸುಳಿವು. ಪ್ರೇತಾವಾಹನೆಯ ಕಥೆಯಲ್ಲಂತೂ ಎಲ್ಲರ ಕೈಗಳೂ ಕಟ್ಟಿಹಾಕಿದಂತೆಯೇ ಇರುತ್ತವೆ. ಯಂತ್ರದ ಬಡತನವನ್ನು ಕಥೆಯ ಸಂಪತ್ತಾಗಿ ಮಾಡಿಕೊಂಡುದರಲ್ಲಿ ಈ ಚಿತ್ರದ ಹಿರಿಮೆಯಿದೆ.

ದೀಪವಾರಿದಾಗ ಬ್ರೌನಿಂಗನು ಅಳುಕದೆ ಪರದೆಯನ್ನೇ ಕಪ್ಪಾಗಿಸಿಬಿಡುತ್ತಾನೆ. ದುಡ್ಡು ಕೊಟ್ಟು ನೋಡಲು ಬಂದವರ ಮುಂದೆ ನೋಡುವುದಕ್ಕೇನೂ ಇಲ್ಲ! ಬರಿಯ ದನಿಗಳು ಕೇಳಿಸುತ್ತವೆ. ಚಿತ್ರದಲ್ಲಿ ಕುಳಿತಿರುವವರಿಗೆ ಎಷ್ಟು ತಿಳಿಯುತ್ತದೆಯೋ ಅಷ್ಟೇ ನಮಗೂ ತಿಳಿಯುತ್ತದೆ. ಎಳ್ಳಷ್ಟೂ ಹೆಚ್ಚಿಲ್ಲ, ಎಳ್ಳಷ್ಟೂ ಕಡಮೆಯಿಲ್ಲ. ಸಾಧಾರಣವಾಗಿ ಪತ್ತೇದಾರಿ ಚಿತ್ರಗಳಲ್ಲಿ ನಿರ್ದೇಶಕನು ನಮಗೆ ಬೇಕಾದುದನ್ನು ಮರೆಮಾಡಿ ಬೇಡದುದನ್ನು ತೋರಿಸಿ ಮೋಸಗೊಳಿಸುವನು. ಇಲ್ಲಿ ಅಂತಹ ಮೋಸಕ್ಕೆ ಎಡೆಯಿಲ್ಲ. ನಾವೂ ಆ ವರ್ತುಲದಲ್ಲಿ ಕುಳಿತಂತಾಗಿ, ದೀಪ ಬಂದ ಮೇಲೆ ‘ಆ ಸದ್ದು ಯಾವ ಕಡೆಯಿಂದ ಬಂದಿತು? ಯಾರು ಮೊದಲು ಕೂಗಿದರು?’ ಎಂದು ನಮ್ಮ ನೆನಪನ್ನೇ ತಡಕಾಡತೊಡಗುತ್ತೇವೆ. ವಿಚಾರಣೆ ಆರಂಭವಾದಾಗ ನಾವೂ ಸಾಕ್ಷಿಗಳೇ.

ಇಷ್ಟು ಮಾತ್ರವಿದ್ದಿದ್ದರೆ ಇದು ಜಾಣತನದ ಚಿತ್ರವಾಗಿ ನಿಲ್ಲುತ್ತಿತ್ತು. ಮನಸ್ಸನ್ನು ಮುಟ್ಟುವುದು ರೊಸಾಲಿಯ ಪಾತ್ರ. ಆಕೆಯ ಕಸಬಿನ ಹಿಂದೆ ಒಂದು ಚರಿತ್ರೆಯೇ ಇದೆ. 1848ರಲ್ಲಿ ಅಮೆರಿಕದ ಹೈಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಫಾಕ್ಸ್ ಮನೆತನದ ಎಳೆಯ ಹುಡುಗಿಯರು, ಗೋಡೆಯ ಮೇಲೆ ತಟ್ಟಿದಂತೆ ಕೇಳುವ ಸದ್ದಿನ ಮೂಲಕ ಪ್ರೇತಗಳು ತಮ್ಮೊಡನೆ ಮಾತನಾಡುತ್ತವೆಂದು ಹೇಳಿ ದೇಶವನ್ನೇ ಬೆರಗುಗೊಳಿಸಿದರು. ನಲವತ್ತು ವರ್ಷಗಳ ತರುವಾಯ, 1888ರಲ್ಲಿ, ಅವರಲ್ಲೊಬ್ಬಳಾದ ಮಾರ್ಗರೆಟ್ ನ್ಯೂಯಾರ್ಕಿನ ಸಭೆಯಲ್ಲಿ ನಿಂತು, ಆ ಸದ್ದು ತನ್ನ ಕಾಲ್ಬೆರಳಿನ ಕೀಲುಗಳದೆಂದು ಒಪ್ಪಿಕೊಂಡು ಅದನ್ನು ಮಾಡಿಯೂ ತೋರಿಸಿದಳು. ಮರುವರ್ಷ ಆ ಒಪ್ಪಿಗೆಯನ್ನೂ ಹಿಂದೆಗೆದುಕೊಂಡಳು. ಇಷ್ಟಾದರೂ ಜನರ ನಂಬಿಕೆ ಅಳಿಯಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಲಕ್ಷಾಂತರ ತರುಣರು ಮಡಿದಾಗ ಅದು ಮತ್ತಷ್ಟು ಬಲಿಯಿತು. ಪ್ರಸಿದ್ಧ ವಿಜ್ಞಾನಿಯಾದ ಸರ್ ಆಲಿವರ್ ಲಾಡ್ಜ್, 1915ರಲ್ಲಿ ಯುದ್ಧದಲ್ಲಿ ಮಡಿದ ತನ್ನ ಮಗ ರೇಮಂಡನೊಡನೆ ಮಾತನಾಡಿದುದಾಗಿ 1916ರಲ್ಲಿ ಗ್ರಂಥವನ್ನೇ ಪ್ರಕಟಿಸಿದನು. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲನೂ ಇದನ್ನು ನಂಬಿ ಊರೂರು ತಿರುಗಿ ಉಪನ್ಯಾಸ ಮಾಡಿದನು. ಇಂತಹ ಪ್ರೇತದೂತರ ಮೋಸಗಳನ್ನು ಬಯಲಿಗೆಳೆಯುವುದಕ್ಕಾಗಿಯೇ ಐಂದ್ರಜಾಲಿಕ ಹೂಡಿನಿ ತನ್ನ ಕೊನೆಯ ವರ್ಷಗಳನ್ನು ಸವೆಸಿದನು. ಲಾಡ್ಜನ ಗ್ರಂಥವೂ ವೀಲರನ ನಾಟಕವೂ ಒಂದೇ ವರ್ಷ ಹೊರಬಂದುವೆಂಬುದನ್ನು ನೆನೆದರೆ, ಆ ನಾಟಕದ ಕತ್ತಲೆಯ ಕೊಠಡಿಯನ್ನು ಅಂದಿನ ಜನ ಎಂತಹ ಮನಸ್ಸಿನಿಂದ ನೋಡಿರಬೇಕೆಂದು ಊಹಿಸಬಹುದು.

ರೊಸಾಲಿ ತಾನು ಕುಶಲಳಾದ ಮೋಸಗಾರ್ತಿಯೆಂಬುದನ್ನು ಬಲ್ಲಳು. ಅದರಲ್ಲಿ ಆಕೆಗೆ ನಾಚಿಕೆಯೂ ಅಷ್ಟಾಗಿಲ್ಲ, ಹೆಮ್ಮೆಯೂ ಅಷ್ಟಾಗಿಲ್ಲ, ಹೊಟ್ಟೆಯ ಪಾಡು. ದುಃಖಿತರಿಗೆ ಎರಡು ಸಮಾಧಾನದ ಮಾತು ಹೇಳಿ ನಾಲ್ಕು ಕಾಸು ಪಡೆದವಳು. ಆದರೆ ಮಗಳಿಗೆ ಆಪತ್ತು ಬಂದಾಗ, ಜೀವಮಾನವೆಲ್ಲ ಸುಳ್ಳಿಗೆ ಬಳಸಿದ ವಿದ್ಯೆಯಿಂದಲೇ ನಿಜವನ್ನು ಹೊರಗೆ ತರಬೇಕಾಗಿದೆ. ಇಲ್ಲಿಯವರೆಗೆ ಆಕೆ ಕರೆದಾಗ ಪ್ರೇತಗಳು ಬಾರದಿದ್ದರೂ ನಷ್ಟವಿರಲಿಲ್ಲ. ಈಗ ಬಾರದಿದ್ದರೆ ಮಗಳ ಪ್ರಾಣ ಹೋಗುವುದು. ಎರಡನೆಯ ಸಲ ದೀಪವಾರಿಸಿ ಕುಳಿತುಕೊಳ್ಳುವಾಗ ಆ ಮುದುಕಿಯ ದನಿಯಲ್ಲಿರುವುದು ನಟನೆಯೋ ಪ್ರಾರ್ಥನೆಯೋ ತಿಳಿಯದು. ತೀರ ಸಾಧಾರಣವಾದ ಪತ್ತೇದಾರಿ ಕಥೆಯೊಳಗೆ ತಾಯಿಯ ಕರುಳನ್ನು ಇಟ್ಟುದರಿಂದ ಇಡೀ ಚಿತ್ರಕ್ಕೆ ತೂಕ ಬಂದಿದೆ.

ಈ ಪಾತ್ರವನ್ನು ವಹಿಸಿದವಳು ಮಾರ್ಗರೆಟ್ ವಿಚರ್ಲಿ. 1916ರಲ್ಲಿ ರಂಗದ ಮೇಲೆ ರೊಸಾಲಿಯಾಗಿ ಹೆಸರು ಪಡೆದವಳೂ ಈಕೆಯೇ. ನಾಟಕಕಾರ ವೀಲರನಿಗೆ ಆಗ ಈಕೆ ಪತ್ನಿಯಾಗಿದ್ದಳು. ಹದಿಮೂರು ವರ್ಷಗಳ ತರುವಾಯ ಅದೇ ಪಾತ್ರವನ್ನು ಮೈಕ್ರೊಫೋನಿನ ಮುಂದೆ ಅಭಿನಯಿಸಬೇಕಾಗಿ ಬಂದುದರಿಂದ, ಒಂದೊಂದು ಮಾತೂ ಆಕೆಯ ಬಾಯಲ್ಲಿ ಪಳಗಿದೆ. ಮುಂದೆ ಈಕೆ 1941ರ ‘ಸಾರ್ಜೆಂಟ್ ಯಾರ್ಕ್’ ಚಿತ್ರದಲ್ಲಿ ನಾಯಕನ ಬಡ ತಾಯಿಯಾಗಿಯೂ, 1949ರ ‘ವೈಟ್ ಹೀಟ್’ ಚಿತ್ರದಲ್ಲಿ ಕಳ್ಳರ ಗುಂಪಿನ ನಾಯಕನ ಕ್ರೂರ ತಾಯಿಯಾಗಿಯೂ ಅಭಿನಯಿಸಿದಳು. ಸಾಧ್ವಿಯಾದ ತಾಯಿ, ದುಷ್ಟೆಯಾದ ತಾಯಿ, ಇಬ್ಬರ ಲಕ್ಷಣವೂ ಈ ಹಳೆಯ ರೊಸಾಲಿಯಲ್ಲಿ ಬೆರೆತುಕೊಂಡಿರುವುದನ್ನು ಆ ಚಿತ್ರಗಳನ್ನು ನೋಡಿದವರು ಗುರುತಿಸಬಲ್ಲರು.

ಇನ್‌ಸ್ಪೆಕ್ಟರನ ಪಾತ್ರದಲ್ಲಿರುವವನು ಬೇಲಾ ಲುಗೋಸಿ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಈತನು, 1927ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ರಕ್ತಪಿಪಾಸು ಡ್ರಾಕುಲನಾಗಿ ಪ್ರಸಿದ್ಧನಾಗಿದ್ದನು. ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಅಳೆದು ಇಡುವಂತಹ ಆತನ ಉಚ್ಚಾರಣೆ ಪರದೇಶೀಯವೆಂದು ಕೂಡಲೇ ತಿಳಿಯುತ್ತದೆ. ಆದರೆ ಪ್ರಶ್ನೆ ಹಾಕುವ ಪೋಲೀಸಿನವನಿಗೆ ಆ ದನಿ ಎಷ್ಟು ಒಪ್ಪುತ್ತದೆಂದರೆ, ನಿರಪರಾಧಿಗೂ ನಡುಕ ಹುಟ್ಟಬೇಕು! ಬ್ರೌನಿಂಗನಿಗೆ ಇದು ಮೊದಲ ವಾಕ್ಚಿತ್ರ. ಚಿಕ್ಕಂದಿನಲ್ಲಿ ಮನೆ ಬಿಟ್ಟು ಜಾತ್ರೆಯ ಆಟದವರೊಡನೆಯೂ ಸರ್ಕಸ್ಸಿನವರೊಡನೆಯೂ ಊರೂರು ಅಲೆದವನಾದುದರಿಂದ ಮೋಡಿ ಮಾಟಗಳ ಒಳಗುಟ್ಟು ಆತನಿಗೆ ಚೆನ್ನಾಗಿ ತಿಳಿದಿತ್ತು. ಇದೇ ನಿರ್ದೇಶಕನೂ ಇದೇ ನಟನೂ ಮರಳಿ ಕೂಡಿ 1931ರಲ್ಲಿ ‘ಡ್ರಾಕುಲ’ ಚಿತ್ರವನ್ನು ತಂದರು. ಅದರ ಕೀರ್ತಿ ಲೋಕವನ್ನೆಲ್ಲ ತುಂಬಿತು. ಅದರ ನೆರಳಿನಲ್ಲಿ ಈ ಚಿಕ್ಕ ಚಿತ್ರ ಮರೆಯಾಯಿತು. 1937ರಲ್ಲಿ ಅದೇ ಸಂಸ್ಥೆಯವರು ಈ ಕಥೆಯನ್ನು ಬೇರೆ ನಟರಿಂದ ಮತ್ತೊಮ್ಮೆ ಮಾಡಿಸಿದುದರಿಂದ ಹಳೆಯದು ಇನ್ನಷ್ಟು ಮೂಲೆಗೆ ಸರಿಯಿತು.

ಇದರಲ್ಲಿ ದೋಷಗಳಿಲ್ಲವೆಂದಲ್ಲ. ನಡೆ ನಿಧಾನ. ಕೆಲವು ನಟರು ಕೊನೆಯ ಸಾಲಿನ ಪ್ರೇಕ್ಷಕನಿಗೆ ಕೇಳಿಸಬೇಕೆಂಬಂತೆ ರಂಗಭೂಮಿಯ ಗತ್ತಿನಲ್ಲಿ ಮಾತನಾಡುತ್ತಾರೆ. ಕಲ್ಕತ್ತೆಯೆಂಬುದು ಹೆಸರಿಗೆ ಮಾತ್ರ. ಅದು ಕ್ಯಾಲಿಫೋರ್ನಿಯದ ಚಿತ್ರಶಾಲೆಯಲ್ಲಿ ಹಲಗೆ ಬಣ್ಣಗಳಿಂದ ಎಬ್ಬಿಸಿದ ಊರು. ಆಂಗ್ಲ ದೊರೆಗಳ ಬಂಗಲೆಯೇ ಅಲ್ಲಿ ಭಾರತ. ನಮ್ಮವರು ಅದರ ಅಂಚಿನಲ್ಲಿ ಬಂದು ಹೋಗುವವರು. ನಟರ ಪಟ್ಟಿಯ ಕೊನೆಯ ಕಡೆಗೆ ಲಾಲ್‌ಚಂದ್ ಮೆಹ್ರಾ ಎಂಬ ಭಾರತೀಯನ ಹೆಸರು ಸಿಕ್ಕುತ್ತದೆ. ಆತನಿಗೆ ದೊರೆತ ಪಾತ್ರ ಚಿಕ್ಕದು. ಇದರಲ್ಲಿಯೂ ಒಂದು ವಿನೋದವಿದೆ. ಹಾಲಿವುಡ್ಡಿನವರು ಮಾತನಾಡುವ ಕಲ್ಕತ್ತೆಯನ್ನು ಕಟ್ಟುತ್ತಿದ್ದ ಆ 1929ರಲ್ಲಿಯೇ, ನಿಜವಾದ ಕಲ್ಕತ್ತೆಯ ಎಲ್ಫಿನ್‌ಸ್ಟನ್ ಚಿತ್ರಮಂದಿರದಲ್ಲಿ ‘ಮೆಲೊಡಿ ಆಫ್ ಲವ್’ ಎಂಬ ಅಮೆರಿಕದ ವಾಕ್ಚಿತ್ರವು ಪ್ರದರ್ಶಿತವಾಗಿ ನಮ್ಮ ದೇಶದವರು ಪರದೆಯ ಮಾತನ್ನು ಕೇಳಿದರು. ನಮ್ಮ ದೇಶದಲ್ಲಿಯೇ ತಯಾರಾದ ‘ಆಲಂ ಆರಾ’ ಬರುವುದಕ್ಕೆ 1931ರ ಮಾರ್ಚಿಯವರೆಗೂ, ಕನ್ನಡದ ‘ಸತಿ ಸುಲೋಚನ’ ಬರುವುದಕ್ಕೆ 1934ರ ಮಾರ್ಚಿಯವರೆಗೂ ಕಾಯಬೇಕಾಯಿತು. ಆ ಎರಡು ಚಿತ್ರಗಳೂ ಇಂದು ಉಪಲಬ್ಧವಿಲ್ಲ. ಪರರ ಸಾಧಾರಣ ಚಿತ್ರವೊಂದು ಉಳಿದು, ನಮ್ಮ ಮೊದಲ ಮಾತುಗಳು ಅಳಿದುಹೋದುದನ್ನು ನೆನೆದರೆ ಯಾರಿಗಾದರೂ ಖೇದವಾಗದಿರದು.

ಕೊನೆಯದಾಗಿ ಒಂದು ವಿಚಾರ. ಆ ಕೊಠಡಿಯಲ್ಲಿ ಹಣವಂತರಿದ್ದಾರೆ, ಪದವಿಯುಳ್ಳವರಿದ್ದಾರೆ, ಹಳೆಯ ಮನೆತನದವರಿದ್ದಾರೆ. ಕತ್ತಲೆ ಎಲ್ಲರಿಗೂ ಸಮ, ಯಾರಾದರೂ ಇರಿದಿರಬಹುದು. ಆದರೆ ದೀಪ ಬಂದ ಕೂಡಲೇ ಎಲ್ಲರ ಕಣ್ಣೂ ಹೊರಳುವುದು ಹಿಂದೆ ಮುಂದೆ ಇಲ್ಲದ ಹುಡುಗಿಯೊಬ್ಬಳ ಕಡೆಗೆ, ಅವಳ ಪರವಾಗಿ ಮಾತನಾಡುವ ಬಡ ಮುದುಕಿಯ ಕಡೆಗೆ. ಅವರು ಮಾಡಿದ್ದಾರೆಂಬುದಕ್ಕೆ ಬೇಕಾದ ಪುರಾವೆಗಿಂತ, ಮಾಡಿರಬಲ್ಲರೆಂಬ ಊಹೆಗೇ ಹೆಚ್ಚು ಬೆಲೆ. ಒಂದು ಆಭರಣ ಕಾಣದಾದಾಗ ಮನೆಗೆಲಸದವಳ ಮುಖವನ್ನು ಮೊದಲು ನೋಡುವ ಮನೆಗಳು ಎಲ್ಲ ದೇಶಗಳಲ್ಲಿಯೂ ಉಂಟು. ಕತ್ತಲಲ್ಲಿ ಏನನ್ನೂ ಕಾಣದ ನಾವು ಬೆಳಕಿನಲ್ಲಿ ಎಷ್ಟನ್ನು ಕಾಣುತ್ತೇವೆಂಬ ಪ್ರಶ್ನೆಯನ್ನು ಈ ಚಿತ್ರವು ಸದ್ದಿಲ್ಲದೆ ಕೇಳುತ್ತದೆ.

ಅಮೆರಿಕದ ಕಾಯಿದೆಯಂತೆ 1929ರ ಚಿತ್ರಗಳ ಗ್ರಂಥಸ್ವಾಮ್ಯವು ಅಲ್ಲಿ 2025ರ ಜನವರಿ 1ರಂದು ಮುಗಿದಿರುವುದರಿಂದ, ಇಂತಹ ಹಳೆಯ ಚಿತ್ರಗಳು ಮುಂದೆ ಹೆಚ್ಚು ಜನರ ಕಣ್ಣಿಗೆ ಬೀಳುವುವೆಂದು ಆಶಿಸಬಹುದು. ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಕಾಲದಲ್ಲಿ ಮುಗಿಯುವ ಚಿತ್ರ. ಮಕ್ಕಳು ಸ್ವಲ್ಪ ದೊಡ್ಡವರಾಗಿದ್ದರೆ ಅವರನ್ನೂ ಕುಳ್ಳಿರಿಸಿಕೊಳ್ಳಬಹುದು. ನೋಡುವಾಗ ಮನೆಯ ದೀಪವನ್ನು ಆರಿಸಿಬಿಡಿರಿ. ಪರದೆ ಕಪ್ಪಾದಾಗ ಯಂತ್ರ ಕೆಟ್ಟಿತೆಂದು ಯಾರೂ ಎದ್ದು ಹೋಗದಿರಲಿ. ಯಾರ ಮೇಲೆ ಯಾರಿಗೆ ಅನುಮಾನವೆಂಬುದನ್ನು ಒಬ್ಬೊಬ್ಬರೂ ನಡುವೆಯೇ ಚೀಟಿಯಲ್ಲಿ ಬರೆದಿಟ್ಟುಕೊಂಡು, ಕಡೆಯಲ್ಲಿ ಬಿಚ್ಚಿ ಓದಿರಿ. ಸರಿಯಾಗಿ ಊಹಿಸಿದವರಾರೆಂಬುದು ಅಷ್ಟು ಮುಖ್ಯವಲ್ಲ. ಉಳಿದವರು ಯಾವ ಕಾರಣದಿಂದ ಯಾರನ್ನು ತಪ್ಪಾಗಿ ಶಂಕಿಸಿದರೆಂಬುದನ್ನು ಕುರಿತು ಅಂದಿನ ರಾತ್ರಿ ಊಟದ ಹೊತ್ತಿನಲ್ಲಿ ಮಾತನಾಡಿದರೆ, ಚಿತ್ರ ನೋಡಿದುದು ಸಾರ್ಥಕವಾದೀತು.